ಸಂಜೆ ನಾಲ್ಕು ಇಪ್ಪತ್ತರ ಗಂಟೆಯ ನಂತರ: ಶಾಲಾ ಅನುದಾನವನ್ನು ನಿರ್ಧರಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯಗುರುವಾಗಿದ್ದು ನಿವೃತ್ತನಾದವನು. ನಿವೃತ್ತಿಯ ನಂತರವೂ ವಾರದ ಐದು ಸಂಜೆ ಅದೇ ಶಾಲೆಗೆ ಹೋಗುತ್ತೇನೆ. ಅಲ್ಲಿ 6, 7 ಮತ್ತು 8ನೆಯ ತರಗತಿಯ ಮಕ್ಕಳಿಗಾಗಿ ಶಾಲೆ ಬಿಟ್ಟ ಮೇಲೆ ಎರಡು ತಾಸು ನಡೆಯುವ ಕಾರ್ಯಕ್ರಮವೊಂದಿದೆ. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದ್ದರೂ ಮಕ್ಕಳ ಬಾಯಲ್ಲಿ ಅದು ‘ಸಂಜಿ ಸಾಲಿ’. ಬರುವ ವರ್ಷದ ಅಂದಾಜಿನಲ್ಲಿ ಈ ಸಂಜೆ ಶಾಲೆಗಳ ಅನುದಾನವನ್ನು ಅರ್ಧಕ್ಕೆ ಇಳಿಸುವ, ಮಕ್ಕಳ ಸಂಖ್ಯೆ ಕಡಿಮೆಯಿರುವ ಕಡೆ ಪೂರ್ತಿ ನಿಲ್ಲಿಸುವ ಪ್ರಸ್ತಾಪವೊಂದು ತಮ್ಮ ಮುಂದಿದೆ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಕಳೆದ ಸಭೆಯಲ್ಲಿ ನಮಗೆ ತಿಳಿಸಲಾಯಿತು. ಆ ಪ್ರಸ್ತಾಪವನ್ನು ಕೈಬಿಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮಾತು ನನ್ನೊಬ್ಬನದಾದರೂ ಸಂಗತಿ ಕಲಬುರಗಿ, ಬೀದರ್ ಜಿಲ್ಲೆಗಳ ಹಳ್ಳಿಗಳಿಗೂ ಸಂಬಂಧಿಸಿದ್ದರಿಂದ ಇದನ್ನು ಎಲ್ಲರೂ ಓದಲೆಂದು ಬಹಿರಂಗವಾಗಿ ಬರೆದಿದ್ದೇನೆ.

ಪ್ರಸ್ತಾಪದಲ್ಲಿ ಸಂಜೆ ಶಾಲೆಯನ್ನು ‘ಪೂರಕ ಚಟುವಟಿಕೆ’ ಎಂಬ ಬಾಬಿನಲ್ಲಿ ಸೇರಿಸಲಾಗಿದೆಯಂತೆ. ಊಟದ ಮೇಲಿನ ಎಲೆ ಅಡಿಕೆಯಂತೆ, ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ ಎನ್ನುವ ಭಾವ ಆ ಪದದಲ್ಲಿದೆ. ನನ್ನ ತಕರಾರು ಇರುವುದು ಮೊದಲು ಆ ಪದದ ಬಗ್ಗೆಯೇ. ನಮ್ಮ ಶಾಲೆಯ ಗಂಟೆ ಸಂಜೆ ನಾಲ್ಕು ಇಪ್ಪತ್ತಕ್ಕೆ ಬಾರಿಸುತ್ತದೆ. ಹತ್ತಿ ಬಿಡಿಸಲು, ತೊಗರಿ ಕೊಯ್ಯಲು, ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಕಳೆ ಕೀಳಲು ಹೋದ ತಾಯಂದಿರು ಮನೆಗೆ ಬರುವಾಗ ಏಳು ಗಂಟೆಯಾಗಿರುತ್ತದೆ. ಈ ಎರಡರ ನಡುವಿನ ಎರಡೂವರೆ ತಾಸಿಗೂ ಹೆಚ್ಚಿನ ಹೊತ್ತಿನಲ್ಲಿ ಹನ್ನೊಂದರಿಂದ ಹದಿನಾಲ್ಕು ವರ್ಷದ ಮಗು ಎಲ್ಲಿರುತ್ತದೆ, ಏನು ಮಾಡುತ್ತದೆ ಎಂಬುದರ ಮೇಲೆ ಅದು ಒಂಬತ್ತನೆಯ ತರಗತಿಗೆ ಹೋಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿ, ಹಾಜರಿ ಪುಸ್ತಕದಲ್ಲಿ ಒಂದೊಂದೇ ಹೆಸರಿನ ಮುಂದೆ ಗೈರು ಬರೆಯುತ್ತಾ ಹೋದವನಾಗಿ ನಾನು ಈ ಮಾತು ಹೇಳುತ್ತಿದ್ದೇನೆ. ಮಗು ಒಂದೇ ದಿನ ಶಾಲೆ ಬಿಡುವುದಿಲ್ಲ. ಮೊದಲು ಸಂಜೆ ಹೊಲಕ್ಕೆ ಹೋಗುತ್ತದೆ, ಆಮೇಲೆ ಶನಿವಾರ ತಪ್ಪಿಸುತ್ತದೆ, ಆಮೇಲೆ ಸುಗ್ಗಿಯ ಒಂದು ವಾರ ಬರುವುದಿಲ್ಲ, ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ.

ಕಾಯ್ದೆ ಈ ಹೊತ್ತನ್ನು ಕಾಯುವುದಿಲ್ಲ ಎಂಬುದನ್ನು ತಾವು ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವಿಗೆ ಶಾಲೆಯ ಹಕ್ಕು ಕೊಟ್ಟಿದೆ. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದು ಹೇಳಿದೆ. ಆದರೆ ಅದೇ ತಿದ್ದುಪಡಿ, ಅಪಾಯಕಾರಿಯಲ್ಲದ ಕೆಲಸಗಳಲ್ಲಿ ಮಗು ತನ್ನ ಕುಟುಂಬಕ್ಕೆ ಶಾಲಾ ಅವಧಿಯ ನಂತರ ಮತ್ತು ರಜೆಯಲ್ಲಿ ನೆರವಾಗಬಹುದು ಎಂದು ಒಂದು ವಿನಾಯಿತಿಯನ್ನೂ ಇಟ್ಟಿದೆ. ಕಾಗದದ ಮೇಲೆ ಅದು ನ್ಯಾಯವೇ, ಅಪ್ಪನ ಹೊಲದಲ್ಲಿ ಮಗು ಕೈ ಆಡಿಸಿದರೆ ತಪ್ಪೇನು ಎಂದು ನಮಗೂ ಅನಿಸುತ್ತದೆ. ಆದರೆ ನಮ್ಮ ಭಾಗದಲ್ಲಿ ಅಪ್ಪನ ಹೊಲ ಯಾವುದು, ಅಪ್ಪ ಕೂಲಿಗೆ ಹಿಡಿದ ಹೊಲ ಯಾವುದು ಎಂದು ಸಂಜೆ ಐದು ಗಂಟೆಗೆ ಯಾವ ಅಧಿಕಾರಿ ನೋಡಲು ಬರುತ್ತಾರೆ? ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುವ ಕಡೆ ಮಗು ಬಿಡಿಸಿದ ಹತ್ತಿ ತಾಯಿಯ ಗಂಟಿನೊಳಗೇ ತೂಗಿಹೋಗುತ್ತದೆ, ಮಗುವಿನ ಹೆಸರು ಎಲ್ಲಿಯೂ ಬರುವುದಿಲ್ಲ. ಕಾಯ್ದೆಯ ಕೈಗೆ ಸಿಗದ ಆ ತಾಸುಗಳಲ್ಲಿ ಮಗುವಿಗೆ ಹೋಗಲು ಇನ್ನೊಂದು ಜಾಗ ಇದ್ದರೆ ಮಾತ್ರ ತಾಯಿಗೂ ಬೇಡ ಎನ್ನಲು ಒಂದು ಕಾರಣ ಸಿಗುತ್ತದೆ. ಒಬ್ಬ ತಾಯಿ ನನಗೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ಸರ, ನಾವು ಹೊಲದಿಂದ ಬರೂತನಕ ಹುಡುಗಿ ಸಾಲ್ಯಾಗ ಅದಾಳ ಅಂದ್ರ ನಮಗ ಜೀವಕ್ಕ ಸಮಾಧಾನ ಅದ. ಮನ್ಯಾಗ ಒಬ್ಬಾಕೀನ ಬಿಡಾಕ ಆಗಲ್ರಿ, ಹೊಲಕ್ಕ ಕರಕೊಂಡು ಹೋಗಾಕ ಮನಸ್ಸು ಬರಲ್ರಿ.”

ಇನ್ನು ಕಲಿಕೆಯ ಮಾತು. ಈ ವರ್ಷ, ಅಂದರೆ 2025-26ರಲ್ಲಿ, 6, 7 ಮತ್ತು 8ನೆಯ ತರಗತಿಯಲ್ಲಿರುವ ಮಕ್ಕಳು 2020-21ರಲ್ಲಿ ಎಲ್ಲಿದ್ದರು ಎಂದು ಬೆರಳು ಮಡಿಚಿ ಎಣಿಸಿದರೆ ಸಾಕು: ಅನುಕ್ರಮವಾಗಿ 1, 2 ಮತ್ತು 3ನೆಯ ತರಗತಿಯಲ್ಲಿದ್ದರು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಕಲಿಸುವ ನಲಿ-ಕಲಿ ನಡೆಯುವುದು ಸರಿಯಾಗಿ ಆ ಮೂರು ತರಗತಿಗಳಲ್ಲಿ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಮುಚ್ಚಿದ ಶಾಲೆಯ ಬಾಗಿಲು 1ರಿಂದ 5ನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಇಂದು ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕೂತಿರುವ ಮೂರೂ ತರಗತಿಯ ಮಕ್ಕಳು, ಅಕ್ಷರ ಕೂಡಿಸಿ ಓದಲು ಕಲಿಯಬೇಕಾದ ಕಾಲವನ್ನು ಶಾಲೆಯ ಹೊರಗೆ ಕಳೆದವರು. ಪೇಟೆಯಲ್ಲಿ ತಂದೆ ತಾಯಿ ಮನೆಯಲ್ಲಿ ಕೂರಿಸಿಕೊಂಡು ತಿದ್ದಿಸಿದರು, ಮೊಬೈಲಿನಲ್ಲಿ ಪಾಠ ಕೇಳಿಸಿದರು, ಟ್ಯೂಷನ್ನಿಗೆ ಕಳಿಸಿದರು. 2011ರ ಜನಗಣತಿಯ ಪ್ರಕಾರ ಸಾಕ್ಷರತೆ ಶೇಕಡಾ 51.83ರಷ್ಟು ಮಾತ್ರ ಇದ್ದ, ರಾಜ್ಯದಲ್ಲೇ ಕೊನೆಯಲ್ಲಿ ನಿಂತಿದ್ದ ನಮ್ಮ ಜಿಲ್ಲೆಯಲ್ಲಿ ತಿದ್ದಿಸುವವರು ಯಾರಿದ್ದರು? ಆಮೇಲೆ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂತು, ಒಳ್ಳೆಯ ಕೆಲಸವನ್ನೇ ಮಾಡಿತು. ಆದರೆ ಅದು ಶಾಲಾ ವೇಳೆಯೊಳಗಿನ ಕೆಲಸ. ಆರನೆಯ ತರಗತಿಯ ವಿಜ್ಞಾನ, ಸಮಾಜ, ಇಂಗ್ಲಿಷ್ ಪಾಠಗಳು ಕಾದು ನಿಂತಿರುವಾಗ ಹಿಂದೆ ಉಳಿದ ಮಗುವಿನ ಕೈಹಿಡಿದು ಕಾಗುಣಿತಕ್ಕೆ ಮರಳಿ ಹೋಗಲು ಹಗಲಿನ ಶಿಕ್ಷಕರಿಗೆ ಹೊತ್ತು ಸಿಗುವುದಿಲ್ಲ. ಆ ಹೊತ್ತು ಸಿಗುವುದು ಸಂಜೆ.

ಅಲ್ಲಿ ಏನು ನಡೆಯುತ್ತದೆ ಎಂದು ನೋಡದವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಿಸಿಯೂಟ ಉಂಡು ಮೂರು ತಾಸಾಗಿರುತ್ತದೆ, ಆದ್ದರಿಂದ ಮೊದಲು ತಿನ್ನಲು ಕೊಡುತ್ತೇವೆ. ಒಂದು ದಿನ ಸುಸಲಾ, ಒಂದು ದಿನ ಬೇಯಿಸಿದ ಶೇಂಗಾ, ಒಂದು ದಿನ ಬೆಲ್ಲದ ಚಿಕ್ಕಿ. ಆಮೇಲೆ ಅರ್ಧ ತಾಸು ಆಟ. ಹುಡುಗಿಯರು ಖೋ ಖೋ ಆಡುವುದು ದಿನದಲ್ಲಿ ಈ ಅರ್ಧ ತಾಸು ಮಾತ್ರ, ಏಕೆಂದರೆ ಮನೆಗೆ ಹೋದ ಮೇಲೆ ಅವರ ಸೊಂಟಕ್ಕೆ ನೀರಿನ ಕೊಡ ಬರುತ್ತದೆ. ಆಟವಾದ ಮೇಲೆ ಓದು. ಊರಿನಲ್ಲೇ ಹುಟ್ಟಿ, ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದ ಹುಡುಗಿಯೊಬ್ಬಳು ಗೌರವಧನದ ಮೇಲೆ ಕಾರ್ಯಕರ್ತೆಯಾಗಿದ್ದಾಳೆ. ಮಕ್ಕಳು ಅವಳನ್ನು ಅಕ್ಕ ಎನ್ನುತ್ತಾರೆ. ಅವಳು ತರಗತಿ ನೋಡಿ ಮಕ್ಕಳನ್ನು ಕೂರಿಸುವುದಿಲ್ಲ, ಯಾರಿಗೆ ಎಲ್ಲಿಯವರೆಗೆ ಓದಲು ಬರುತ್ತದೆ ಎಂದು ನೋಡಿ ಕೂರಿಸುತ್ತಾಳೆ. ಒತ್ತಕ್ಷರ ಬಂದಲ್ಲಿ ಎಡವುವ ಎಂಟನೆಯ ತರಗತಿಯ ಹುಡುಗ, ಆರನೆಯ ತರಗತಿಯ ಹುಡುಗಿಯ ಪಕ್ಕದಲ್ಲಿ ಕೂತು ‘ರಾಷ್ಟ್ರ’ ಎಂಬ ಪದವನ್ನು ಒಡೆದು ಓದುತ್ತಾನೆ. ಹಗಲಿನಲ್ಲಿ ಅವನು ಹಾಗೆ ಕೂರುತ್ತಿರಲಿಲ್ಲ, ಮಾನ ಹೋದಂತೆ ಅನಿಸುತ್ತಿತ್ತು. ಸಂಜೆ ಅಷ್ಟು ಬಿಗುಮಾನ ಇರುವುದಿಲ್ಲ.

ತಾಂಡಾದಿಂದ ಬರುವ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅವರ ಮನೆಮಾತು ಲಂಬಾಣಿ. ಗುರುಮಠಕಲ್ ಕಡೆಯ ಗಡಿಯ ಹಳ್ಳಿಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಊರೂರಿನಲ್ಲಿ ಇನ್ನೊಂದಷ್ಟು ಮನೆಗಳಲ್ಲಿ ಉರ್ದು. ಈ ಮಕ್ಕಳಿಗೆ ಕನ್ನಡ ಪುಸ್ತಕದ ಭಾಷೆ ಎರಡನೆಯ ಭಾಷೆಯಷ್ಟೇ ಅಲ್ಲ, ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕಿವಿಗೆ ಬೀಳದ ಭಾಷೆ. ನಮ್ಮೂರಿನ ಕನ್ನಡ ಮನೆಯ ಮಗುವಿಗೂ ‘ಇದ್ದಾಳೆ’ ಎಂಬುದು ‘ಅದಾಳ’ ಎಂದೇ ಬಾಯಿಗೆ ಬರುವಾಗ, ತಾಂಡಾದ ಮಗು ಎರಡು ಹೊಳೆ ದಾಟಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಮಾತು, ಕತೆ, ಹಾಡು, ಕೇಳುವ ಕಿವಿ. ಸಂಜೆ ಒಬ್ಬರು ತಮ್ಮ ಮನೆಯ ಕತೆಯನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ, ಮತ್ತೊಬ್ಬರು ಅದನ್ನು ಕನ್ನಡದಲ್ಲಿ ಹೇಳುತ್ತಾರೆ, ಮೂರನೆಯವರು ಹಲಗೆಯ ಮೇಲೆ ಬರೆಯುತ್ತಾರೆ. ಹೀಗೆ ಬರೆದ ಕತೆಗಳನ್ನು ನೂಲಿನಿಂದ ಹೊಲಿದು ಮಕ್ಕಳೇ ಪುಸ್ತಕ ಮಾಡಿದ್ದಾರೆ. ಅಂಥ ಹನ್ನೊಂದು ಪುಸ್ತಕಗಳು ಶಾಲೆಯ ಕಪಾಟಿನಲ್ಲಿವೆ.

ನನ್ನ ಮನಸ್ಸಿನಲ್ಲಿ ಉಳಿದ ಒಂದು ಪ್ರಸಂಗವಿದೆ. ಕಳೆದ ಸುಗ್ಗಿಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಹತ್ತಿ ಮಾರಿದ ತೂಕದ ಚೀಟಿಯನ್ನು ಮನೆಯಿಂದ ತಂದು ಅಕ್ಕನ ಮುಂದಿಟ್ಟ. ಶೇಕಡಾ ಲೆಕ್ಕ ನಡೆಯುತ್ತಿದ್ದ ವಾರ ಅದು, ಮನೆಯಲ್ಲಿ ಲೆಕ್ಕವಿರುವ ಯಾವುದಾದರೂ ಕಾಗದ ತನ್ನಿ ಎಂದು ಅವಳು ಹೇಳಿದ್ದಳು. ಚೀಟಿಯಲ್ಲಿ ಒಟ್ಟು ತೂಕ, ಸೂಟು (ತೂಕದಲ್ಲಿ ಮುರಿದುಕೊಳ್ಳುವ ಪಾಲು), ನಿವ್ವಳ ತೂಕ, ದರ, ಹಮಾಲಿ ಎಂದು ಬರೆದಿತ್ತು. ಹುಡುಗ ಬೆರಳಿಟ್ಟು ಒಂದೊಂದೇ ಓದಿದ, ಕ್ವಿಂಟಲಿಗೆ ಎರಡು ಕಿಲೋ ಸೂಟು ಮುರಿದುಕೊಂಡಿದ್ದಾರೆ ಎಂದು ಲೆಕ್ಕ ಹಾಕಿದ, ಆಮೇಲೆ ಅದನ್ನು ರೂಪಾಯಿಗೆ ತಿರುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತ. “ಇದು ಯಾಕ ಮುರ್ಕೊಂಡಾರ ಅಕ್ಕ?” ಎಂದು ಕೇಳಿದ. ಮರುದಿನ ಅವನ ತಂದೆ ಚೀಟಿ ಹಿಡಿದುಕೊಂಡು ಹೋಗಿ ಕೇಳಿದರು. ಹಣ ಮರಳಿ ಬರಲಿಲ್ಲ. ಆದರೆ ಮುಂದಿನ ತೂಕದ ದಿನ, ಅದು ಭಾನುವಾರವಾಗಿತ್ತು, ಅವರು ಮಗನನ್ನು ಜೊತೆಗೆ ಕರೆದುಕೊಂಡು ಹೋದರು, ಹತ್ತಿ ಹೊರಲು ಅಲ್ಲ, ಚೀಟಿ ಓದಲು.

ಈ ಭಾಗದ ಶಿಕ್ಷಣಕ್ಕೆ ಹಣವಿಲ್ಲ ಎಂದು ಯಾರೂ ಹೇಳುವಂತಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದಲ್ಲಿದ್ದವು. 2012ರ 98ನೆಯ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು, ಪ್ರದೇಶಾಭಿವೃದ್ಧಿಗೆ ಮಂಡಳಿ ಬಂತು, ಶಾಲೆಗಳಿಗೆ ಕೋಣೆ ಬಂತು, ಬೆಂಚು ಬಂತು, ಸ್ಮಾರ್ಟ್ ಬೋರ್ಡ್ ಬಂತು. ಅದರಲ್ಲಿ ನಮಗೆ ಸಂತೋಷವಿದೆ. ಆದರೆ ಕಟ್ಟಿದ ಕೋಣೆ ಎಣಿಕೆಗೆ ಸಿಗುತ್ತದೆ, ಫೋಟೊ ತೆಗೆಯಬಹುದು, ಶಿಲಾಫಲಕ ಹಾಕಬಹುದು. ಅದೇ ಕೋಣೆಯಲ್ಲಿ ಸಂಜೆ ಆರು ಇಪ್ಪತ್ತರವರೆಗೆ ದೀಪ ಉರಿಯಲು, ಒಬ್ಬ ಕಾರ್ಯಕರ್ತೆ ಕೂರಲು ಬೇಕಾಗುವ ಸಣ್ಣ ಮೊತ್ತ ಮಾತ್ರ ಪ್ರತಿ ವರ್ಷ ಚರ್ಚೆಗೆ ಬರುತ್ತದೆ. ಕಡಿತದ ಕತ್ತರಿ ಮೊದಲು ಬೀಳುವುದು ಯಾವಾಗಲೂ ಮನುಷ್ಯರ ಸಂಬಳದ ಮೇಲೆ, ಅದರಲ್ಲೂ ಕಾಯಂ ಅಲ್ಲದವರ ಗೌರವಧನದ ಮೇಲೆ ಎಂಬುದನ್ನು ನಾನು ನನ್ನ ಸೇವಾವಧಿಯುದ್ದಕ್ಕೂ ನೋಡಿದ್ದೇನೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ವಿಷಯವನ್ನೂ ಇಲ್ಲಿ ಎತ್ತಲೇಬೇಕು. 2024ರಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು, 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಕೊನೆಗೆ ಹೋಯಿತು. ಫಲಿತಾಂಶ ಬಂದ ಮೇಲೆ ಪ್ರತಿ ಸಲವೂ ಹತ್ತನೆಯ ತರಗತಿಗೆ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ರಾತ್ರಿ ಓದು, ಶಿಕ್ಷಕರಿಗೆ ನೋಟಿಸು ಎಂದು ಓಡಾಟ ಆರಂಭವಾಗುತ್ತದೆ. ಪ್ರೌಢಶಾಲೆಯ ಶಿಕ್ಷಕ ಮಿತ್ರರು ನನ್ನೊಡನೆ ಹೇಳಿಕೊಳ್ಳುವುದು ಒಂದೇ ಮಾತು: ಒಂಬತ್ತನೆಯ ತರಗತಿಗೆ ಬಂದ ಮಗುವಿಗೆ ಭಾಗಾಕಾರ ಬರದಿದ್ದರೆ ನಾವು ಬೀಜಗಣಿತ ಹೇಗೆ ಕಲಿಸುವುದು? ಹತ್ತನೆಯ ತರಗತಿಯ ಕೊನೆಯ ಮೂರು ತಿಂಗಳಿಗೆ ಹಣ ಸುರಿದು, 6ರಿಂದ 8ರವರೆಗಿನ ಮೂರು ವರ್ಷದ ಸಂಜೆಗಳ ಹಣ ಕಡಿದರೆ ಬೇರಿಗೆ ನೀರು ನಿಲ್ಲಿಸಿ ಎಲೆಗೆ ಚಿಮುಕಿಸಿದಂತಾಗುತ್ತದೆ.

ಕಡಿತದ ಪರವಾಗಿ ಹೇಳಲಾದ ಕಾರಣಗಳನ್ನು ನಾನು ಅಲಕ್ಷಿಸುತ್ತಿಲ್ಲ. ಹಾಜರಿ ಏರುಪೇರಾಗುತ್ತದೆ ಎಂಬುದು ಒಂದು. ನಿಜ. ಅಕ್ಟೋಬರಿನಿಂದ ಜನವರಿಯವರೆಗೆ ಹತ್ತಿ, ತೊಗರಿಯ ಕಾಲದಲ್ಲಿ ನಮ್ಮ ಸಂಜೆ ಹಾಜರಿ ಇಳಿಯುತ್ತದೆ, ದುಡಿಯಲು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವ ಕುಟುಂಬಗಳ ಜೊತೆ ಕೆಲವು ಮಕ್ಕಳು ಊರನ್ನೇ ಬಿಡುತ್ತಾರೆ. ಆದರೆ ಹಾಜರಿ ಇಳಿಯುವ ಆ ನಾಲ್ಕು ತಿಂಗಳೇ ಕಾರ್ಯಕ್ರಮ ಅತಿ ಅಗತ್ಯವಿರುವ ತಿಂಗಳುಗಳು. ಹಿಂದಿನ ವರ್ಷ ಸುಗ್ಗಿಯಲ್ಲಿ ನಾವು ತಂಗಿ ತಮ್ಮಂದಿರನ್ನೂ ಕರೆತರಬಹುದು ಎಂದು ಹೇಳಿದೆವು. ಆರನೆಯ ತರಗತಿಯ ಹುಡುಗಿಯೊಬ್ಬಳು ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಬರತೊಡಗಿದಳು. ಅವನು ಚಾಪೆಯ ಮೇಲೆ ಹುಣಸೆ ಬೀಜ ಹರಡಿಕೊಂಡು ಕೂರುತ್ತಿದ್ದ, ಅವಳು ಅದೇ ಬೀಜಗಳನ್ನು ಗುಂಪು ಮಾಡಿ ಭಾಗಾಕಾರ ಮಾಡುತ್ತಿದ್ದಳು. ಸುಗ್ಗಿ ಮುಗಿಯುವವರೆಗೆ ಅವಳು ಒಂದು ಸಂಜೆಯೂ ತಪ್ಪಿಸಲಿಲ್ಲ. ನಿಯಮದ ಪ್ರಕಾರ ಆ ಎರಡು ವರ್ಷದ ಮಗು ಸಂಜೆ ಶಾಲೆಯ ಫಲಾನುಭವಿ ಅಲ್ಲ, ಆದರೂ ಅವನಿಗೂ ಒಂದು ಹಿಡಿ ಶೇಂಗಾ ಕೊಡುತ್ತಿದ್ದೆವು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಶಿಕ್ಷಕರೇ ಸಂಜೆಯೂ ನಡೆಸಲಿ, ಪ್ರತ್ಯೇಕ ಕಾರ್ಯಕರ್ತೆ ಏಕೆ ಎಂಬುದು ಎರಡನೆಯ ಕಾರಣ. ಹುದ್ದೆಗಳು ಖಾಲಿಯಿದ್ದು ಅತಿಥಿ ಶಿಕ್ಷಕರಿಂದಲೇ ನಡೆಯುವ ಶಾಲೆಗಳಿರುವ ಜಿಲ್ಲೆಯಲ್ಲಿ, ಸಮೀಕ್ಷೆ, ಚುನಾವಣೆ, ಆನ್‌ಲೈನ್ ದಾಖಲೆಗಳ ಕೆಲಸ ಮುಗಿಸಿ ಸಂಜೆಯ ಬಸ್ಸಿಗೆ ಓಡುವ ಶಿಕ್ಷಕರ ಹೆಗಲಿಗೆ ಇದನ್ನೂ ಏರಿಸಿದರೆ ಕೆಲಸ ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಮೇಲಾಗಿ ಊರಿನ ಓದಿದ ಹುಡುಗಿಯೊಬ್ಬಳು ಸಂಬಳ ಪಡೆದು ಊರಿನಲ್ಲೇ ಕೆಲಸ ಮಾಡುವುದನ್ನು ನೋಡುವ ಮಕ್ಕಳಿಗೆ, ಅವರ ತಾಯಂದಿರಿಗೆ, ಓದಿನ ಬಗ್ಗೆ ಬೇರೆ ಯಾವ ಭಾಷಣವೂ ಬೇಕಾಗುವುದಿಲ್ಲ. ಟ್ಯಾಬ್ ಕೊಟ್ಟರೆ ಆಯಿತು ಎಂಬ ಮೂರನೆಯ ಮಾತಿಗೆ ಉತ್ತರ ಕೊರೊನಾ ಕಾಲದಲ್ಲೇ ಸಿಕ್ಕಿದೆ.

ಪಾಠದ ಆಚೆಗಿನ ನೆರವು ಮೊದಲು ಇಲ್ಲಿಗೇ ಬರುವುದು ನಮ್ಮ ಭಾಗಕ್ಕೆ ಹೊಸದಲ್ಲ. 2002ರ ಜೂನಿನಲ್ಲಿ ಬಿಸಿಯೂಟದ ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಯಾದಗಿರಿಯೂ ಸೇರಿದ್ದ ಆಗಿನ ಗುಲ್ಬರ್ಗಾ, ಬೀದರ್, ರಾಯಚೂರು ಮುಂತಾದ ಈಶಾನ್ಯದ ಜಿಲ್ಲೆಗಳಲ್ಲಿ. ಆಗ ನಾನು ಸಹಶಿಕ್ಷಕನಾಗಿದ್ದೆ, ಶಾಲೆಯೆಂದರೆ ಪಾಠದ ಜಾಗ, ಅಲ್ಲಿ ಒಲೆ ಏಕೆ ಎಂದು ಕೇಳಿದವರು ನಮ್ಮ ನಡುವೆಯೇ ಇದ್ದರು. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದ್ದೂ ಮೊದಲು ನಮ್ಮ ಜಿಲ್ಲೆಗಳಲ್ಲೇ. ಹಿಂದುಳಿದ ಜಿಲ್ಲೆಯ ಮಗುವಿಗೆ ಮೊದಲು ಕೊಡಬೇಕು ಎಂಬ ಆ ತಿಳಿವಳಿಕೆಯನ್ನು ಈಗ ತಿರುಗಿಸಿ, ಮೊದಲು ಕಡಿಯುವುದೂ ಅಲ್ಲಿಯೇ ಎಂದು ಮಾಡಬಾರದು.

ನನ್ನ ಕೋರಿಕೆಗಳು ಇಷ್ಟು. 6ರಿಂದ 8ನೆಯ ತರಗತಿಯ ಸಂಜೆ ಶಾಲೆಗಳ ಅನುದಾನವನ್ನು ಬರುವ ವರ್ಷ ಈಗಿನ ಮಟ್ಟದಲ್ಲೇ ಉಳಿಸಬೇಕು. ಒಟ್ಟು ಅಂದಾಜಿನಲ್ಲಿ ಕಡಿತ ಅನಿವಾರ್ಯವೇ ಆದರೆ ಸಮಾರಂಭ, ಪೆಂಡಾಲು, ಮುದ್ರಣ, ಹೊಸ ಉಪಕರಣಗಳ ಖರೀದಿಯಿಂದ ಆರಂಭಿಸಿ, ಕಾರ್ಯಕರ್ತೆಯರ ಗೌರವಧನ ಮತ್ತು ಮಕ್ಕಳ ತಿಂಡಿಯನ್ನು ಮುಟ್ಟಬಾರದು. ಮಕ್ಕಳ ಸಂಖ್ಯೆಯೊಂದನ್ನೇ ನೋಡಿ ಸಣ್ಣ ಶಾಲೆಗಳಲ್ಲಿ ನಿಲ್ಲಿಸುವ ಅಂಶವನ್ನಂತೂ ಪೂರ್ತಿ ಕೈಬಿಡಬೇಕು, ಏಕೆಂದರೆ ಸಂಖ್ಯೆ ಕಡಿಮೆಯಿರುವ ಶಾಲೆಗಳೆಂದರೆ ಹೆಚ್ಚಾಗಿ ತಾಂಡಾ ಮತ್ತು ದೊಡ್ಡಿಗಳ (ಊರಾಚೆಯ ಸಣ್ಣ ವಸತಿಗಳ) ಶಾಲೆಗಳು. ಹಾಜರಿಯನ್ನು ಅಳೆಯುವುದಾದರೆ ಜೂನಿನಿಂದ ಮಾರ್ಚ್‌ವರೆಗಿನ ಇಡೀ ವರ್ಷವನ್ನು ನೋಡಬೇಕು, ಸುಗ್ಗಿಯ ಒಂದು ತಿಂಗಳನ್ನು ಆಯ್ದುಕೊಳ್ಳಬಾರದು.

ಇನ್ನೊಂದು ಮಾತು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯಬೇಕು. ತಮ್ಮ ಪ್ರಸ್ತಾಪವನ್ನು ಅಂತಿಮಗೊಳಿಸುವ ಮೊದಲು ಆ ಸಭೆಗಳ ಮುಂದೆ ಇಡಿ, ಮಕ್ಕಳು ಏನು ಹೇಳುತ್ತಾರೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ. ಪ್ರಸ್ತಾಪದ ಒಂದು ಪ್ರತಿಯನ್ನು ನಮ್ಮ ಶಾಲೆಗೂ ಕಳಿಸಿಕೊಡಬೇಕೆಂದು ಕೋರುತ್ತೇನೆ. ಕಚೇರಿಯ ಕನ್ನಡ ಸ್ವಲ್ಪ ಕಠಿಣವಾಗಿದ್ದರೂ ಚಿಂತೆಯಿಲ್ಲ. ಅದನ್ನು ಸೂಚನಾ ಫಲಕದ ಮೇಲೆ ಅಂಟಿಸಿ, ಏಳನೆಯ ಮತ್ತು ಎಂಟನೆಯ ತರಗತಿಯ ಮಕ್ಕಳಿಂದ ಸಂಜೆ ಗಟ್ಟಿಯಾಗಿ ಓದಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯಗುರು
ಯಾದಗಿರಿ ಜಿಲ್ಲೆ